ಗೇರ್‌ಬಾಕ್ಸ್ ಕಾಯಲು ಮೂರು ದಾರಿ: ತಂತಿ ಸೆನ್ಸರ್, ಬ್ಯಾಟರಿ ಸೆನ್ಸರ್, ಎಣ್ಣೆ ಪರೀಕ್ಷೆ

ಹಳೆಯ ವಿಂಡ್ ಟರ್ಬೈನ್ ಇದ್ದವರಿಗೆ ನನ್ನ ಮಾತು ಇಷ್ಟೇ: ಗೇರ್‌ಬಾಕ್ಸ್ ಕಾಯಲು ದುಡ್ಡು ಹಾಕುವುದಿದ್ದರೆ ತಂತಿ ಎಳೆದು ಕೂರಿಸುವ ವೈಬ್ರೇಶನ್ (ಕಂಪನ) ಸೆನ್ಸರ್‌ಗೆ ಹಾಕಿ. ಬ್ಯಾಟರಿ ಸೆನ್ಸರ್ ಅಗ್ಗ ಅಂತ ಮೊದಲು ಅದನ್ನೇ ತಂದಿದ್ದೆವು. ಗದಗ, ಮುಂಡರಗಿ ಕಡೆ ನಾನು ನೋಡಿಕೊಳ್ಳುವ ಯಂತ್ರಗಳೆಲ್ಲ ಒಂದು ಮೆಗಾವ್ಯಾಟ್‌ಗಿಂತ ಚಿಕ್ಕವು, ವಯಸ್ಸಾದವು. ಹೊಸ ದೊಡ್ಡ ಯಂತ್ರಗಳ ಲೆಕ್ಕವೇ ಬೇರೆ.

ಬ್ಯಾಟರಿ ಸೆನ್ಸರ್ ಕೂರಿಸುವುದು ಸುಲಭ. ಅಂಟು ಹಚ್ಚಿ ಒತ್ತಿದರೆ ಮುಗಿಯಿತು, ಮೊಬೈಲ್‌ನಲ್ಲಿ ಗ್ರಾಫ್ ಬರುತ್ತದೆ. ತಲೆನೋವು ಶುರುವಾಗುವುದು ಆ ಗ್ರಾಫ್‌ನಿಂದಲೇ.

ನಮ್ಮ ಯಂತ್ರಗಳ ಜನರೇಟರ್‌ನಲ್ಲಿ ಎರಡು ವೈಂಡಿಂಗ್ (ತಂತಿ ಸುರುಳಿ) ಇವೆ. ಗಾಳಿ ಕಡಿಮೆ ಇದ್ದಾಗ ಆರು ಪೋಲ್‌ನದು (ಪೋಲ್ ಅಂದರೆ ಕಾಂತದ ಧ್ರುವ), ಅಂದರೆ ನಿಮಿಷಕ್ಕೆ 1000 ಸುತ್ತಿಗಿಂತ ತುಸು ಜಾಸ್ತಿ. ಗಾಳಿ ಏರಿದಾಗ ನಾಲ್ಕು ಪೋಲ್‌ನದು, 1500ಕ್ಕಿಂತ ತುಸು ಜಾಸ್ತಿ. ಬ್ಯಾಟರಿ ಸೆನ್ಸರ್‌ಗೆ ಇದು ಯಾವುದೂ ಗೊತ್ತಿಲ್ಲ. ಅದು ಗಡಿಯಾರ ನೋಡಿ ಎಚ್ಚರವಾಗುತ್ತದೆ, ಒಂದು ರೀಡಿಂಗ್ ತಗೊಂಡು ಮತ್ತೆ ಮಲಗುತ್ತದೆ. ಒಂದು ರೀಡಿಂಗ್ ನಸುಕಿನ ಮಂದ ಗಾಳಿಯದು, ಮುಂದಿನದು ಸಂಜೆಯ ಫುಲ್ ಲೋಡ್‌ನದು. ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಿದರೆ ಕಂಪನ ಏರಿತೋ, ಬರೀ ಗಾಳಿ ಏರಿತೋ ಹೇಗೆ ಹೇಳುವುದು?

ಅಲಾರ್ಮ್ ಮಿತಿ ಕೆಳಗಿಟ್ಟರೆ ಜೋರು ಗಾಳಿ ಬೀಸಿದ ದಿನವೆಲ್ಲ ಫೋನ್ ಕಿರುಚುತ್ತದೆ. ಮೇಲಿಟ್ಟರೆ ನಿಜವಾಗಿ ಬೇರಿಂಗ್ ಹಾಳಾಗುತ್ತಿದ್ದರೂ ಸುಮ್ನೆ ಇರುತ್ತದೆ. ಹುಬ್ಬಳ್ಳಿಯಲ್ಲಿರುವ ಮಾಲೀಕರ ಮೊಬೈಲ್‌ಗೂ ಅದೇ ಆ್ಯಪ್ ಹಾಕಿಕೊಟ್ಟಿದ್ದರು. "ಗೇರ್‌ಬಾಕ್ಸ್ ಹೋತೇನ್ರಿ ಸರ?" ಅಂತ ಫೋನ್. ನಾನು ಮೇಲೆ ಹತ್ತಿ, ಮುಚ್ಚಳ ತೆಗೆದು, ಕ್ಯಾಮೆರಾ ಪೈಪ್ ಒಳಗೆ ಇಳಿಸಿ ನೋಡಿದರೆ ಹಲ್ಲುಗಳು ಥಳಥಳ ಹೊಳೆಯುತ್ತಿರುತ್ತವೆ. ಹೀಗೆ ಆಗುತ್ತಾ ಆಗುತ್ತಾ ಆ ಅಲಾರ್ಮ್‌ಗೆ ಯಾರೂ ಕಿವಿ ಕೊಡದ ಹಾಗಾಯಿತು. ಸೆನ್ಸರ್ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು.

ಮಾರಿದವರನ್ನು ಕೇಳಿದರೆ, ಸ್ಪೀಡನ್ನು ಟರ್ಬೈನ್ ಕಂಟ್ರೋಲರ್‌ನಿಂದ ತಗೊಳ್ಳಿ ಅಂದರು. ಆ ಹಳೆಯ ಕಂಟ್ರೋಲರ್ ಪಾಸ್‌ವರ್ಡ್ ನಮ್ಮ ಹತ್ತಿರ ಇದ್ದರೆ ತಾನೆ! ಇನ್ನೊಂದು ಕೊರತೆ: ರೆಕ್ಕೆ ಕಡೆಯ ಮೇನ್ ಶಾಫ್ಟ್ ನಿಮಿಷಕ್ಕೆ 20–25 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಹೆಚ್ಚುಕಡಿಮೆ ಎರಡೂವರೆಯಿಂದ ಮೂರು ಸೆಕೆಂಡ್. ಬ್ಯಾಟರಿ ಉಳಿಸಲು ನಮ್ಮ ಸೆನ್ಸರ್ ಕಿವಿ ತೆರೆದಿಡುತ್ತಿದ್ದದ್ದು ಅದಕ್ಕಿಂತ ಕಡಿಮೆ ಹೊತ್ತು. ಪೂರ್ತಿ ಒಂದು ಸುತ್ತೂ ಕೇಳದೆ ಮೇನ್ ಬೇರಿಂಗ್ ಬಗ್ಗೆ ಅದು ಏನು ಹೇಳೀತು?

ತಂತಿ ಸೆನ್ಸರ್ ಕಿಟ್‌ನಲ್ಲಿ ಜನರೇಟರ್ ಕಡೆಯ ಹೈಸ್ಪೀಡ್ ಶಾಫ್ಟ್ ಪಕ್ಕಕ್ಕೆ ಒಂದು ಸ್ಪೀಡ್ ಪಿಕಪ್ (ಸುತ್ತು ಎಣಿಸುವ ಸೆನ್ಸರ್) ಬರುತ್ತದೆ. ಯಂತ್ರ 1500ರ ಮೇಲೆ ನಿಂತಿದೆ, ಲೋಡೂ ಸಾಕಷ್ಟಿದೆ ಅಂತ ಖಾತ್ರಿಯಾದ ಮೇಲೆಯೇ ರೆಕಾರ್ಡ್ ಮಾಡುತ್ತದೆ. ಅಷ್ಟಕ್ಕೇ ಗ್ರಾಫ್ ಓದುವ ಹಾಗಾಯಿತು. ಒಂದು ಯಂತ್ರದಲ್ಲಿ ಹೈಸ್ಪೀಡ್ ಬೇರಿಂಗ್‌ನ ಹೊರ ರೇಸ್ (ಹೊರಗಿನ ಬಳೆ) ಹಾಳಾದರೆ ಬರುವ ಕಂಪನದ ಫ್ರೀಕ್ವೆನ್ಸಿ ಸಣ್ಣದಾಗಿ ಎದ್ದು ನಿಧಾನಕ್ಕೆ ಬೆಳೆಯುವುದು ಕಂಡಿತು. ಬೇಸಿಗೆಯಲ್ಲೇ ಮೇಲೆ ಹೋಗಿ ಬೇರಿಂಗ್ ಬದಲಿಸಿದೆವು, ಕ್ರೇನ್ ಬೇಕಾಗಲಿಲ್ಲ. ಅದು ಒಳಗೇ ಪುಡಿಯಾಗಿ ಹಲ್ಲುಗಳನ್ನೂ ತಿಂದಿದ್ದರೆ ಇಡೀ ಗೇರ್‌ಬಾಕ್ಸ್ ಕೆಳಗಿಳಿಸಬೇಕಿತ್ತು. ಅದೂ ಮಳೆಗಾಲದಲ್ಲಿ, ನಮ್ಮ ಎರೆ ಹೊಲದಲ್ಲಿ! ದೊಡ್ಡ ಕ್ರೇನ್ ಹಾಗಿರಲಿ, ಜೀಪೇ ಹೂತುಹೋಗುತ್ತದೆ. ವರ್ಷದ ಒಳ್ಳೆ ಗಾಳಿ ಬೀಸುವುದೂ ಅದೇ ತಿಂಗಳುಗಳಲ್ಲಿ ಅಲ್ವಾ.

ತಂತಿ ಸೆನ್ಸರ್ ಕೂರಿಸುವುದಕ್ಕೆ ಒಂದು ಇಡೀ ದಿನ ಬೇಕು. ಬಣ್ಣ ಕೆರೆದು, ಎಣ್ಣೆ ಒರೆಸಿ ಪ್ಯಾಡ್ ಅಂಟಿಸಬೇಕು. ತಂತಿಯನ್ನು ಜನರೇಟರ್ ಕೇಬಲ್‌ನಿಂದ ದೂರ ಎಳೆಯಬೇಕು.

ಎಣ್ಣೆ ಪರೀಕ್ಷೆ ಎಲ್ಲಕ್ಕಿಂತ ಅಗ್ಗ. ಕಬ್ಬಿಣದ ಕಣ, ನೀರು, ಸ್ವಚ್ಛತೆಯ ಐಎಸ್ಒ 4406 ಕೋಡ್ (ಎಣ್ಣೆಯಲ್ಲಿ ಎಷ್ಟು ಕಣ ಇವೆ ಅನ್ನುವ ಅಂಕಿ), ಈ ಮೂರು ನೋಡಿದರೆ ಬಹಳ ತಿಳಿಯುತ್ತದೆ. ಆದರೆ ಯಂತ್ರ ನಿಲ್ಲಿಸಿದ ಕೂಡಲೇ, ಎಣ್ಣೆ ಬಿಸಿ ಇದ್ದಾಗಲೇ, ಪ್ರತಿ ಸಲವೂ ಫಿಲ್ಟರ್‌ಗೆ ಮುಂಚಿನ ಅದೇ ಕಾಕ್‌ನಿಂದ (ನಲ್ಲಿಯಿಂದ) ಸ್ಯಾಂಪಲ್ ತೆಗೆಯಬೇಕು. ಮೊದಲು ಬರುವುದನ್ನು ಚೆಲ್ಲಿ. ಎಣ್ಣೆ ಬದಲಿಸಿದ ತಾರೀಖು ಬರೆದಿಡದಿದ್ದರೆ ರಿಪೋರ್ಟ್ ಓದಿ ಪ್ರಯೋಜನವಿಲ್ಲ. ಸವೆತ ಇದೆ ಅಂತ ಅದು ಹೇಳುತ್ತದೆ, ಯಾವ ಬೇರಿಂಗ್ ಅಂತ ಹೇಳುವುದಿಲ್ಲ. ಗ್ರೀಸ್‌ನಲ್ಲಿ ಓಡುವ ಜನರೇಟರ್ ಬೇರಿಂಗ್ ಸುದ್ದಿ ಅದರಲ್ಲಿ ಬರುವುದೇ ಇಲ್ಲ.

ಕೈಯಲ್ಲಿ ಹಿಡಿಯುವ ಮೀಟರ್? ಫುಲ್ ಲೋಡ್‌ನಲ್ಲಿ ಓಡುವ ಯಂತ್ರದ ಮೇಲೆ ಯಾರನ್ನೂ ಬಿಡುವುದಿಲ್ಲ, ನಮಗೆ ಬೇಕಾದ ರೀಡಿಂಗ್ ಅದೇ. ಕಂಟ್ರೋಲರ್ ತೋರಿಸುವ ಬೇರಿಂಗ್ ಬಿಸಿಯನ್ನೇ ನಂಬಿ ಕೂರಬೇಡಿ, ಅದು ಏರುವ ಹೊತ್ತಿಗೆ ತಡವಾಗಿರುತ್ತದೆ.

ಈಗ ನಮ್ಮಲ್ಲಿ ಎಲ್ಲ ಯಂತ್ರಕ್ಕೂ ಎಣ್ಣೆ ಪರೀಕ್ಷೆ, ಗಾಳಿ ಸೀಸನ್‌ಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಅದರಲ್ಲಿ ಕಬ್ಬಿಣ ಜಾಸ್ತಿ ಬಂದ ಯಂತ್ರಕ್ಕೆ ಮೊದಲು ತಂತಿ ಸೆನ್ಸರ್. ಎಲ್ಲದಕ್ಕೂ ಒಟ್ಟಿಗೆ ಹಾಕುವಷ್ಟು ಬಜೆಟ್ ನಮ್ಮದಲ್ಲ. ಒಂದೇ ಟರ್ಬೈನ್ ಇದ್ದು ಕೈ ಬಿಗಿ ಇದ್ದರೆ ಎಣ್ಣೆ ಪರೀಕ್ಷೆಯಿಂದಲೇ ಶುರು ಮಾಡಿ.

ಆ ಬ್ಯಾಟರಿ ಸೆನ್ಸರ್‌ಗಳನ್ನು ಬಿಸಾಡಿಲ್ಲ. ಗೆಳೆಯನ ಜಿನ್ನಿಂಗ್ ಮಿಲ್‌ನ ಮೋಟರ್‌ಗಳಿಗೆ ಅಂಟಿಸಿದ್ದೇವೆ. ಅಲ್ಲಿ ಸ್ಪೀಡ್ ಒಂದೇ, ಲೋಡೂ ಹೆಚ್ಚುಕಡಿಮೆ ಒಂದೇ. ಚೆನ್ನಾಗಿಯೇ ಕೆಲಸ ಮಾಡುತ್ತಿವೆ.