ಅರಮನೆ ಮಾಲು ಅಂದ ತಕ್ಷಣ ದುಡ್ಡು ಕಳಿಸಬೇಡಿ: ಮೆಟ್ನರ್ ಪ್ಲೇಟು ಕೊಂಡು ನಾನು ಪೆದ್ದನಾದ ಕಥೆ

ನಿನ್ನೆ ರಾತ್ರಿ ಮಾರಾಟಕ್ಕಿದೆ ಅಂತ ಹಾಕಿದ ಅದೇ ಫೋಟೋ ಮತ್ತೆ ಕಣ್ಣಿಗೆ ಬಿತ್ತು. ಅದರಲ್ಲಿರೋ ರೆಕಾರ್ಡು ಆಲ್ಬಂ ನನ್ನ ಮನೆಯಲ್ಲಿದೆ, ಫೋಟೋ ಮಾತ್ರ ಇನ್ನೂ ಓಡಾಡುತ್ತಿದೆ. ಕೆಳಗೆ ಹಾಸಿದ ಹಸಿರು ಟವೆಲ್ಲೂ ಅದೇ. "ಮೈಸೂರು ಅರಮನೆಯ ರೆಕಾರ್ಡುಗಳು, ಅಪರೂಪ, ಒಂದೇ ಸೆಟ್." ಒಂದೇ ಸೆಟ್ಟಂತೆ! ಎರಡು ತಿಂಗಳ ಹಿಂದೆ ನಾನು ಕೊಂಡಿದ್ದೂ ಆ ಒಂದೇ ಸೆಟ್ಟೇ. ಮರ್ಯಾದೆಗೆ ಅಂಜಿ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ.

ಹಳೇ ಗ್ರಾಮಫೋನ್ ಪ್ಲೇಟು ಕೊಳ್ಳುವವರಿಗೆ ಈ ವ್ಯವಹಾರ ಹೊಸದಲ್ಲ. ಫೋಟೋ ನೋಡೋದು, ಚೌಕಾಸಿ ಮಾಡೋದು, ಅರ್ಧ ಅಡ್ವಾನ್ಸು, ಬಸ್ಸಲ್ಲಿ ಪಾರ್ಸೆಲ್ಲು. ಅರಗಿನ ಪ್ಲೇಟು ಅಂದಮೇಲೆ ಒಂದೋ ಎರಡೋ ಒಡೆದು ಬರುತ್ತವೆ, ಅದಕ್ಕೆ ಯಾರೂ ಅಳಲ್ಲ. ನಾನೂ ಅದಕ್ಕೆ ಅಳುತ್ತಿಲ್ಲ.

ನಾನು ಬಿದ್ದಿದ್ದು ಮೆಟ್ನರ್ ಹೆಸರಿಗೆ. ನಿಕೊಲಾಯ್ ಮೆಟ್ನರ್, ಮಾಸ್ಕೋದಲ್ಲಿ ಹುಟ್ಟಿದವನು, ಸಂಗೀತ ರಚಿಸಿ ಪಿಯಾನೋ ನುಡಿಸುತ್ತಿದ್ದವನು, ತನ್ನಂಥದೇ ರಷ್ಯದ ಸಂಗೀತಗಾರ ರಾಖ್ಮನಿನಾಫ್‌ನ ಗೆಳೆಯ. ರಾಖ್ಮನಿನಾಫ್ ತನ್ನ ನಾಲ್ಕನೇ ಪಿಯಾನೋ ಕನ್ಚೆರ್ಟೋವನ್ನು (ಆರ್ಕೆಸ್ಟ್ರಾ ಜೊತೆ ಪಿಯಾನೋ ನುಡಿಸೋ ದೊಡ್ಡ ಕೃತಿ) ಮೆಟ್ನರ್‌ಗೆ ಅರ್ಪಿಸಿದ, ಇವನು ತನ್ನ ಎರಡನೆಯದನ್ನು ಅವನಿಗೆ. ರಾಖ್ಮನಿನಾಫ್ ಜಗತ್ತಿಗೆಲ್ಲ ಗೊತ್ತಾದ. ಇವನು ಲಂಡನ್ನಿನಲ್ಲಿ ಬಡತನದಲ್ಲಿದ್ದ. ಆಗ ಕೈ ಹಿಡಿದವರು ಯಾರು? ನಮ್ಮ ಜಯಚಾಮರಾಜ ಒಡೆಯರ್! ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಅದೇ ಮಹಾರಾಜರು ಮೆಟ್ನರ್ ಸೊಸೈಟಿ ಅಂತ ಮಾಡಿ, ಎಚ್‌ಎಂವಿ ರೆಕಾರ್ಡ್ ಕಂಪನಿಯಿಂದ ಆತನ ಸಂಗೀತ ಆತನ ಕೈಯಲ್ಲೇ ನುಡಿಸಿದ್ದು ಪ್ಲೇಟುಗಳಾಗಿ ಬರಲು ಹಣ ಕೊಟ್ಟರು. ಮೂರು ಕನ್ಚೆರ್ಟೋಗಳೂ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ರೆಕಾರ್ಡ್ ಆದವು. ಮೂರನೆಯದನ್ನು ಆತ ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಮೈಸೂರಿನ ದುಡ್ಡಿಲ್ಲದಿದ್ದರೆ ಆ ಬೆರಳುಗಳ ಸದ್ದು ಇಷ್ಟೊಂದು ನಮಗೆ ಉಳಿಯುತ್ತಿರಲಿಲ್ಲ.

ಇಷ್ಟೆಲ್ಲ ಗೊತ್ತಿರೋ ಮೈಸೂರಿನವನಿಗೆ "ಅರಮನೆ" ಅಂದುಬಿಟ್ಟರೆ ಸಾಕಲ್ಲ. ನಮ್ಮೂರಲ್ಲಿ ಕಾಲು ಮುರಿದ ಕುರ್ಚಿಯೂ ಅರಮನೆಯಿಂದಲೇ ಬಂದಿರುತ್ತೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅರಮನೆ ಮಾಲನ್ನು ಬೆಂಗಳೂರಿಂದ ಬಸ್ಸಲ್ಲಿ ತರಿಸಿಕೊಂಡ ಬುದ್ಧಿವಂತ ನಾನು.

ಹದಿನೆಂಟೂವರೆ ಸಾವಿರ. ಅಡ್ವಾನ್ಸು ಹತ್ತು, ಪಾರ್ಸೆಲ್ ರಶೀದಿ ಫೋಟೋ ಬಂದಮೇಲೆ ಉಳಿದದ್ದು. ದುಡ್ಡು ಹಾಕೋ ಮುಂಚೆ "ಒಂದ್ಸಲ ಹಾಕಿ ಕೇಳಿಸಪ್ಪಾ" ಅಂದಿದ್ದೆ. ವಾಟ್ಸಾಪಲ್ಲಿ ಆಡಿಯೋ ಬಂತು. ಮೂರನೇ ಕನ್ಚೆರ್ಟೋ, ಶುರುವಿನಿಂದ. ಹಿಂದೆ ಚರಚರ ಸದ್ದು, ಆಗಾಗ ಟಿಕ್ ಅನ್ನೋ ಗೀರು. ನನಗೆ ಕಣ್ಣಲ್ಲಿ ನೀರು ಬಂತು. ನಿಜವಾಗಲೂ ಬಂತು. ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಕೇಳಿಸಿದೆ.

ಪಾರ್ಸೆಲ್ಲು ಬಂತು. ಆಲ್ಬಂ ಅಂದರೆ ಪುಸ್ತಕದ ಥರ, ಒಳಗೆ ಒಂದೊಂದು ಪ್ಲೇಟಿಗೂ ಒಂದೊಂದು ಜೇಬು. ಆಲ್ಬಮ್ಮಿನ ರಟ್ಟು ಅಸಲಿ, ಅದರಲ್ಲಿ ಅನುಮಾನವಿಲ್ಲ. ಮೊದಲ ಜೇಬಿನ ಪ್ಲೇಟೂ ಅಸಲಿ, ಫೋಟೋದಲ್ಲಿ ಇದ್ದದ್ದು ಅದೇ. ಉಳಿದ ಜೇಬುಗಳ ಬಾಯಿಗೆ ಗೋಂದು ಹಚ್ಚಿತ್ತು. ಮಾರಿದವನು ಮೊದಲೇ ಫೋನಲ್ಲಿ ಹೇಳಿದ್ದ: "ಬಿಚ್ಚೋಕೆ ಹೋಗ್ಬೇಡಿ ಸಾರ್, ಹಳೇ ಅರಗು, ಗಾಳಿ ತಾಗಿದ್ರೆ ಬಿರುಕು ಬಿಡುತ್ತೆ." ಗಾಳಿ ತಾಗಿದ್ರೆ! ಎಪ್ಪತ್ತು ವರ್ಷ ಗಾಳಿ ಕುಡಿದ ಪ್ಲೇಟು! ಆ ಮಾತನ್ನು ನಾನು ತಲೆ ಆಡಿಸಿಕೊಂಡು ಕೇಳಿದ್ದೆ. ಆಲ್ಬಂ ಎತ್ತಿದರೆ ಒಳಗೆ ಗಡಗಡ. ಹನ್ನೆರಡು ಇಂಚಿನ ಜೇಬಲ್ಲಿ ಗಡಗಡ ಅನ್ನೋಕೆ ಏನಿದೆ ಅಂತ ಬ್ಲೇಡಲ್ಲಿ ಕೊಯ್ದೆ. ಹತ್ತು ಇಂಚಿನ ಪ್ಲೇಟುಗಳು. ಹಳೇ ಸಿನಿಮಾ ಹಾಡು, ಲೇಬಲ್ ಅರ್ಧ ಕೆರೆದದ್ದು. ಒಂದು ಬ್ಯಾಂಡ್ ಸೆಟ್ಟಿನ ಮಾರ್ಚು. ಎರಡು ಬರೀ ಚೂರು. ತೂಕ ಸರಿಹೋಗಲಿ ಅಂತ ತುರುಕಿದ್ದು.

ಆಮೇಲೆ ಆ ಆಡಿಯೋ ಮತ್ತೆ ಕೇಳಿದೆ. ಇದು ನಾನು ಬರೆಯೋಕೆ ಇಷ್ಟವಿಲ್ಲದ ಭಾಗ. ಆರೂವರೆ ನಿಮಿಷ ಇತ್ತು ಅದು, ಎಲ್ಲೂ ನಿಲ್ಲದೆ. ಎಪ್ಪತ್ತೆಂಟರ ಪ್ಲೇಟು, ಹನ್ನೆರಡು ಇಂಚಿನದೇ ಆದರೂ, ಒಂದು ಬದಿಗೆ ನಾಲ್ಕೂವರೆ ನಿಮಿಷದ ಆಚೆ ಈಚೆ. ಆಮೇಲೆ ತಿರುವಿ ಹಾಕಲೇಬೇಕು. ಈ ಕನ್ಚೆರ್ಟೋ ಪೂರ್ತಿ ಅರ್ಧ ಗಂಟೆಗೂ ಮೇಲೆ, ಅದಕ್ಕೇ ತಾನೇ ಇಷ್ಟೊಂದು ಪ್ಲೇಟು! ಇದನ್ನು ನಾನೇ ಎಷ್ಟೋ ಹುಡುಗರಿಗೆ ಪಾಠದ ಥರ ಹೇಳಿದ್ದೇನೆ. ಸಾಲದ್ದಕ್ಕೆ ಆ ಟಿಕ್ ಟಿಕ್. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಾದರೆ ಗೀರು ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಸಲ ಬಡಿಯಬೇಕು. ಇದು ಎರಡು ಸೆಕೆಂಡಿಗೆ ಒಂದು, ನಿಧಾನಕ್ಕೆ. ಅಂದರೆ ಎಲ್‌ಪಿ, ನಿಧಾನಕ್ಕೆ ಸುತ್ತಿ ಜಾಸ್ತಿ ಹೊತ್ತು ಓಡೋ ಪ್ಲೇಟು. ಯಾವುದೋ ಎಲ್‌ಪಿ ಹಾಕಿ ನನ್ನ ಕಿವಿಗೆ ಹೂ ಇಟ್ಟ. ನಾನು ಅದಕ್ಕೆ ಅತ್ತೆ. ಗೊತ್ತಿಲ್ಲದವರು ಮೋಸ ಹೋದರೆ ಒಂದು ಥರ, ಗೊತ್ತಿದ್ದೂ ಹೋದರೆ ಯಾರ ಹತ್ತಿರ ಹೇಳ್ಕೊಳ್ಳೋದು?

ಫೋನ್ ಮಾಡಿದೆ. ಅವನ ಉತ್ತರಗಳು ಕೇಳಿ.

"ಸಾರ್, ಆಲ್ಬಂ ಒರಿಜಿನಲ್ ತಾನೇ? ನಾನು ಆಲ್ಬಂ ಅಂತ ತಾನೇ ಮಾರಿದ್ದು?"

ಒಳಗಿನ ಪ್ಲೇಟು ಎಲ್ಲಪ್ಪಾ ಅಂದೆ. "ಹಳೇ ಮಾಲಿಗೆ ಗ್ಯಾರಂಟಿ ಇರಲ್ಲ ಸಾರ್, ನಿಮಗೆ ನಾನು ಹೇಳ್ಬೇಕಾ?"

ಆಡಿಯೋ? "ಅದು ಸ್ಯಾಂಪಲ್. ಯಾವ ಥರ ಮ್ಯೂಸಿಕ್ಕು ಅಂತ ನಿಮಗೆ ಗೊತ್ತಾಗ್ಲಿ ಅಂತ ಹಾಕಿದ್ದು." ನನಗೆ ಗೊತ್ತಾಗ್ಲಿ ಅಂತ. ಮೂವತ್ತು ವರ್ಷದಿಂದ ಕೇಳುತ್ತಿರುವ ನನಗೆ.

ಬಿಡದೆ ಕೇಳಿದ್ದಕ್ಕೆ ಕೊನೆಗೆ ಇದು: "ನೀವೇ ಬದಲಾಯಿಸಿದ್ರಿ ಅಂತ ನಾನು ಅಂತಿಲ್ಲ ಸಾರ್. ಹಂಗೂ ಮಾಡೋರು ಇರ್ತಾರೆ ಅಂದೆ." ಅಲ್ಲಿಗೆ ನನ್ನ ಕೈ ನಡುಗೋಕೆ ಶುರುವಾಯ್ತು. ಆಮೇಲೆ ಒಂದು ವಾರ "ಗಾಡಿ ಓಡಿಸ್ತಿದೀನಿ, ಮಾಡ್ತೀನಿ ಸಾರ್". ಯಾವಾಗ ಮಾಡಿದರೂ ಗಾಡಿ ಓಡಿಸುತ್ತಿದ್ದ. ಈಗ ನನ್ನ ನಂಬರು ಬ್ಲಾಕು.

ಸಂಗೀತ ಮಾತ್ರ ಬೇಕಿದ್ದವರು ಈ ಗೋಜಿಗೇ ಬರಬೇಡಿ. ಮೆಟ್ನರ್ ನುಡಿಸಿದ್ದೇ ಸಿಡಿಯಲ್ಲಿ ಮತ್ತೆ ಬಂದಿದೆ. ಹೊಸ ಕಾಲದ ಶಬ್ದ ಬೇಕಾದರೆ ಹೈಪೀರಿಯನ್ ಅನ್ನೋ ರೆಕಾರ್ಡ್ ಕಂಪನಿಯವರು 1991ರಿಂದ ಹೊರತರುತ್ತಿರುವ ಮರೆತುಹೋದ ಕನ್ಚೆರ್ಟೋಗಳ ಸರಣಿಯಲ್ಲಿ ಎರಡನೆಯದೂ ಮೂರನೆಯದೂ ಇವೆ, ಡೆಮಿಡೆಂಕೋ ನುಡಿಸಿದ್ದು. ಪ್ಲೇಟೇ ಬೇಕು ಅನ್ನೋ ನನ್ನಂಥ ಹುಚ್ಚರು ಪ್ರತಿ ಪ್ಲೇಟಿನ ಎರಡೂ ಬದಿ ಫೋಟೋ ಕೇಳಿ, ಲೇಬಲ್ ಸುತ್ತ ಅರಗಿನಲ್ಲಿ ಒತ್ತಿರೋ ನಂಬರ್ ಕಾಣಬೇಕು. ಆಡಿಯೋ ಬೇಡ, ಮುಳ್ಳು ಪ್ಲೇಟಿನ ಮೇಲೆ ಇಳಿಯೋ ವಿಡಿಯೋ ಕೇಳಿ. ಗೋಂದು ಹಾಕಿದ ಜೇಬು ಕಂಡರೆ ಅಲ್ಲಿಂದಲೇ ಎದ್ದುಬನ್ನಿ. ಹಸಿರು ಟವೆಲ್ ಕಂಡರೂ.

ಆ ಒಂದು ಅಸಲಿ ಪ್ಲೇಟು ಇದೆಯಲ್ಲ, ಅದು ಕೃತಿಯ ನಡುವಿನದು. ಶುರುವಾಗೋದೂ ಅರ್ಧದಲ್ಲಿ, ನಿಲ್ಲೋದೂ ಅರ್ಧದಲ್ಲಿ. ದಿನಾ ಸಂಜೆ ಒಂದ್ಸಲ ಹಾಕುತ್ತೇನೆ. ಮೂರನೇ ಕನ್ಚೆರ್ಟೋದ ಉಳಿದ ಪ್ಲೇಟು ಯಾರ ಹತ್ತಿರವಾದರೂ ಬಿಡಿಯಾಗಿ ಇದ್ದರೆ ತಿಳಿಸಿ. ಅಡ್ವಾನ್ಸು ಕೊಡಲ್ಲ, ನಾನೇ ಬಂದು ನೋಡುತ್ತೇನೆ.