ಕ್ಲಿಪ್ ಮಾಪ್: ದಾರ ನೋಡಬೇಡಿ, ಕ್ಲಿಪ್ ನೋಡಿ ಕೊಳ್ಳಿ

ನೆಲ ಒರೆಸುವ ಮಾಪ್ ತರಲು ಅಂಗಡಿಗೆ ಹೋದರೆ ನಮ್ಮ ಕೈ ಮೊದಲು ಹೋಗುವುದು ದಾರದ ಮೇಲೆ. ಮೆತ್ತಗಿದೆಯಾ, ದಪ್ಪ ಇದೆಯಾ, ಬಣ್ಣ ಚೆನ್ನಾಗಿದೆಯಾ ಅಂತ ನೋಡುತ್ತೇವೆ. ಆದರೆ ದಾರ ಹೇಗಿದ್ದರೂ ಕೆಲವು ತಿಂಗಳಲ್ಲಿ ಸವೆದು ಹೋಗುವ ವಸ್ತು. ವರ್ಷಗಟ್ಟಲೆ ಉಳಿಯಬೇಕಾದ್ದು ಅದನ್ನು ಕಚ್ಚಿ ಹಿಡಿಯುವ ಕ್ಲಿಪ್. 2020ರ ಲಾಕ್‌ಡೌನ್ ಹೊತ್ತಿನಲ್ಲಿ ನಾವು ತಂದ ಕ್ಲಿಪ್ ಮಾಪ್ ಇವತ್ತಿಗೂ ಮನೆಯಲ್ಲಿ ದಿನಾ ಕೆಲಸ ಮಾಡುತ್ತಿದೆ. ರೀಫಿಲ್‌ಗಳು ಬಂದು ಹೋಗಿವೆ, ಕೋಲು ಮತ್ತು ಕ್ಲಿಪ್ ಅದೇ ಇವೆ. ಹಾಗಾಗಿ ಈ ವಿಮರ್ಶೆಯಲ್ಲಿ ಕ್ಲಿಪ್ ಬಗ್ಗೆಯೇ ಮಾತು ಜಾಸ್ತಿ.

ನಮ್ಮದು ಮೈಸೂರಿನ ಹಳೇ ಮನೆ. ಹಜಾರದಲ್ಲಿ ಕೆಂಪು ಗಾರೆ ನೆಲ, ಆಮೇಲೆ ಕಟ್ಟಿಸಿದ ರೂಮುಗಳಲ್ಲಿ ವಿಟ್ರಿಫೈಡ್ ಟೈಲ್ಸ್, ಹೊರಗೆ ಜಗಲಿಯಲ್ಲಿ ಚಪ್ಪಡಿ ಕಲ್ಲು. ಮೂರು ಥರದ ನೆಲಕ್ಕೂ ಒಂದೇ ಮಾಪ್ ಸಾಕಾಗಬೇಕು. ಮನೆಯ ಅಳತೆ ಅಷ್ಟು ದೊಡ್ಡದಲ್ಲ, ಆದರೆ ಓಡಾಟ ಜಾಸ್ತಿ. ಚಪ್ಪಲಿ ಹೊರಗೇ ಬಿಟ್ಟರೂ ಧೂಳು ಒಳಗೆ ಬಂದೇ ಬರುತ್ತದೆ.

ಮೊದಲು ಕ್ಲಿಪ್ ಹೇಗಿದೆ ಅಂತ ಹೇಳಿಬಿಡುತ್ತೇನೆ. ಎರಡು ಪ್ಲಾಸ್ಟಿಕ್ ಹೋಳು. ಒಂದು ಹೋಳು ಕೋಲು ಕೂರುವ ಕೊಳವೆಗೆ ಅಂಟಿಕೊಂಡೇ ಬಂದಿದೆ. ಇನ್ನೊಂದು ಹೋಳು ಒಂದು ಕಡೆ ಲೋಹದ ಪಿನ್ ಮೇಲೆ ತಿರುಗುತ್ತದೆ, ಇನ್ನೊಂದು ಕಡೆ ಕೊಂಡಿಗೆ ಸಿಕ್ಕಿ ಟಕ್ ಅಂತ ಮುಚ್ಚಿಕೊಳ್ಳುತ್ತದೆ. ಒಳಗಡೆ ಎರಡೂ ಕಡೆ ಸಾಲಾಗಿ ಹಲ್ಲುಗಳು. ತಲೆಗೂದಲಿಗೆ ಹಾಕುವ ದೊಡ್ಡ ಕ್ಲಚರ್ ಇದ್ದ ಹಾಗೆ, ಬಾಯಿ ತೆರೆದು ಕಚ್ಚುವುದು ಅಷ್ಟೇ. ರೀಫಿಲ್ ಅಂದರೆ ಹತ್ತಿ ನೂಲಿನ ಒಂದು ಕಟ್ಟು. ಅದರ ನಡುವೆ ಅಡ್ಡಲಾಗಿ ಒಂದು ಬಟ್ಟೆ ಪಟ್ಟಿ ಹೊಲಿದಿರುತ್ತದೆ. ಆ ಪಟ್ಟಿಯನ್ನು ಕ್ಲಿಪ್ಪಿನ ಬಾಯಿಗೆ ಸರಿಯಾಗಿ ಇಟ್ಟು ಮುಚ್ಚಿದರೆ ಕೆಲಸ ಮುಗಿಯಿತು. ಸ್ಕ್ರೂಡ್ರೈವರ್ ಬೇಡ, ದಾರ ಕಟ್ಟುವ ಕೆಲಸ ಇಲ್ಲ.

ಬದಲಾಯಿಸುವಾಗ ಒಂದು ಕಡೆ ಗಮನ ಇರಲಿ. ಪಟ್ಟಿ ಕ್ಲಿಪ್ಪಿನ ಅಗಲಕ್ಕೆ ಬಿಡಿಸಿಕೊಂಡು ಕೂರಬೇಕು. ಒಂದೇ ಕಡೆ ಮುದ್ದೆಯಾಗಿ ಕೂತರೆ ಆ ಕಡೆ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಆಗ ನಾವು ಬಲ ಹಾಕಿ ಒತ್ತುತ್ತೇವೆ, ಒತ್ತಿದಷ್ಟೂ ಕೊಂಡಿಗೆ ಪೆಟ್ಟು. ಇನ್ನೊಂದು ಕಡೆ ಸಡಿಲ ಉಳಿದು, ಹಿಂಡುವಾಗ ನೂಲು ಅಲ್ಲಿಂದಲೇ ಜಾರುತ್ತದೆ. ಹೊಸ ರೀಫಿಲ್ಲನ್ನು ಸ್ವಲ್ಪ ಒದ್ದೆ ಮಾಡಿ, ಬೆರಳಲ್ಲಿ ಹರಡಿಕೊಂಡು ಇಟ್ಟರೆ ಸಲೀಸಾಗಿ ಕೂರುತ್ತದೆ.

ಈ ವಿನ್ಯಾಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ವಿಷಯ ಏನೆಂದರೆ, ಇದಕ್ಕೆ ಇಂಥದೇ ಕಂಪನಿಯ ರೀಫಿಲ್ ಬೇಕು ಅಂತ ಇಲ್ಲ. ಪಟ್ಟಿ ಇರುವ ಯಾವ ನೂಲಿನ ಕಟ್ಟಾದರೂ ಸರಿ, ಬಾಯಿಯೊಳಗೆ ಹಿಡಿಸಿದರೆ ಸಾಕು. ಇದಕ್ಕೂ ಮೊದಲು ಮನೆಯಲ್ಲಿ ಗಿರಗಿರ ತಿರುಗುವ ಸ್ಪಿನ್ ಮಾಪ್ ಇತ್ತು. ಕಂಪನಿ ಹೆಸರು ಬೇಡ. ತಂದ ಹೊಸದರಲ್ಲಿ ಬಹಳ ಚೆನ್ನಾಗಿತ್ತು, ನೀರು ಚೆನ್ನಾಗಿ ಹಿಂಡುತ್ತಿತ್ತು. ರೀಫಿಲ್ ಹಳೆಯದಾದ ಮೇಲೆ ಶುರುವಾಯಿತು ತಾಪತ್ರಯ. ಅದರ ದುಂಡನೆಯ ತಟ್ಟೆಗೆ ಅದೇ ಕಂಪನಿಯ, ಅದೇ ಮಾಡೆಲ್ಲಿನ ರೀಫಿಲ್ಲೇ ಬೇಕು. ಬೇರೆಯದು ತಂದರೆ ಕೂರುವುದಿಲ್ಲ, ಬಲವಂತವಾಗಿ ಕೂರಿಸಿದರೆ ಒರೆಸುವಾಗ ಕಳಚಿ ಬೀಳುತ್ತದೆ. ಅಂಗಡಿಯವರು ‘ಆ ಮಾಡೆಲ್ ನಿಂತುಹೋಯ್ತು ಮೇಡಂ’ ಅಂದುಬಿಟ್ಟರು. ಬಕೆಟ್ಟು, ಕೋಲು, ಜಾಲರಿ ಎಲ್ಲವೂ ಗಟ್ಟಿಯಾಗಿದ್ದವು. ಒಂದು ಹಿಡಿ ದಾರ ಸಿಗದೆ ಇಡೀ ಸೆಟ್ಟು ಗುಜರಿಗೆ ಹೋಯಿತು. ಅದು ನನಗೆ ಇವತ್ತಿಗೂ ಬೇಜಾರು. ರೀಫಿಲ್ ಬದಲಾಯಿಸಬಹುದು ಅಂತ ಡಬ್ಬದ ಮೇಲೆ ಬರೆದರೆ ಸಾಲದು. ನಾಲ್ಕು ವರ್ಷ ಕಳೆದ ಮೇಲೂ ನಮ್ಮ ಬೀದಿಯ ಅಂಗಡಿಯಲ್ಲಿ ಆ ರೀಫಿಲ್ ಸಿಗಬೇಕು, ಅಲ್ವಾ?

ವೆಲ್ಕ್ರೋ ಪಟ್ಟಿ ಇರುವ ಚಪ್ಪಟೆ ಮೈಕ್ರೋಫೈಬರ್ ಮಾಪ್ ನನ್ನ ತಂಗಿಯ ಮನೆಯಲ್ಲಿದೆ. ಅವರದು ಅಪಾರ್ಟ್‌ಮೆಂಟು, ಪೂರ್ತಿ ಟೈಲ್ಸ್. ಅಲ್ಲಿಗೆ ಅದು ಚೆನ್ನಾಗಿದೆ. ಮಂಚದ ಕೆಳಗೆ, ಸೋಫಾ ಕೆಳಗೆ ಆರಾಮಾಗಿ ನುಗ್ಗುತ್ತದೆ. ನಮ್ಮ ಜಗಲಿಯ ಕಲ್ಲಿನ ಮೇಲೆ ಅದನ್ನು ಎಳೆದರೆ ಬಟ್ಟೆ ಅಲ್ಲಲ್ಲೇ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಉದ್ದ ಕೂದಲಿನವರು ಇದ್ದರೆ ವೆಲ್ಕ್ರೋ ತುಂಬ ಕೂದಲು ಸೇರಿಕೊಂಡು ಹಿಡಿತ ಹೋಗುತ್ತದೆ. ಆಗಾಗ ಹಳೇ ಬಾಚಣಿಗೆಯಲ್ಲಿ ಬಿಡಿಸುತ್ತಿರಬೇಕು. ಮೈಕ್ರೋಫೈಬರ್ ಬಟ್ಟೆ ತೊಳೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕಲೇಬಾರದು. ಅದು ಎಳೆಗಳ ಮೇಲೆ ಪದರದಂತೆ ಕೂತು, ಬಟ್ಟೆ ಕೊಳೆ ಹಿಡಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ.

ಕೋಲು ಉಳಿಸಿಕೊಂಡು ಬಟ್ಟೆ ಮಾತ್ರ ಬದಲಾಯಿಸುವ ಯೋಚನೆ ಹೊಸದೇನಲ್ಲ. ಅಮೆರಿಕದಲ್ಲಿ ಜೇಕಬ್ ಹೋವ್ ಎನ್ನುವವರು 1837ರಲ್ಲೇ ಮಾಪ್ ಹೋಲ್ಡರ್‌ಗೆ ಪೇಟೆಂಟ್ ತೆಗೆದುಕೊಂಡಿದ್ದರು. 1893ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ ಊರಿನ ಥಾಮಸ್ ಡಬ್ಲ್ಯೂ. ಸ್ಟುವರ್ಟ್ ಬಟ್ಟೆಯನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್ ಇರುವ, ಸನ್ನೆ ಒತ್ತಿ ನೀರು ಹಿಂಡಬಹುದಾದ ಮಾಪ್‌ಗೆ ಪೇಟೆಂಟ್ ಪಡೆದರು. ಅವರು ಕಪ್ಪು ಜನಾಂಗದ ಸಂಶೋಧಕರು. ಸ್ಪೇನಿನಲ್ಲಿ ಮ್ಯಾನುಯೆಲ್ ಹಾಲೋನ್ ಎಂಬ ಎಂಜಿನಿಯರು 1956ರಲ್ಲಿ ಹಿಂಡುವ ಬಕೆಟ್ಟಿನ ಜೊತೆ ಮಾಪ್ ತಂದರು. ಅಲ್ಲಿಯವರೆಗೆ ಆ ದೇಶದ ಹೆಂಗಸರೂ ಮಂಡಿಯೂರಿಯೇ ನೆಲ ಒರೆಸುತ್ತಿದ್ದರು. ಇಷ್ಟೆಲ್ಲ ಓದಿಕೊಂಡಿದ್ದು ನಮ್ಮ ಅತ್ತೆಯವರ ಮಂಡಿನೋವಿನಿಂದಾಗಿ.

ಅತ್ತೆಯವರು ಜೀವನವಿಡೀ ಕುಕ್ಕುರುಗಾಲಲ್ಲಿ ಕೂತು ಒರೆಸಿದವರು. ಹಳೇ ಪಂಚೆಯ ತುಂಡು, ಒಂದು ಬಕೆಟ್ ನೀರು, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಇಡೀ ಹಜಾರ. ಆ ಗಾರೆ ನೆಲ ಇವತ್ತಿಗೂ ಮುಖ ಕಾಣುವಷ್ಟು ಹೊಳೆಯುತ್ತಿದ್ದರೆ ಅದು ಅವರ ಕೈಗುಣ. ಡಾಕ್ಟರು ಕೆಳಗೆ ಕೂರಬೇಡಿ ಅಂದ ಮೇಲೂ ‘ಕೋಲಲ್ಲಿ ಒರೆಸಿದ್ರೆ ಮೂಲೆ ಎಲ್ಲಮ್ಮ ಕ್ಲೀನಾಗತ್ತೆ?’ ಅಂತ ಕೇಳುತ್ತಿದ್ದರು. ಅವರ ಮಾತಿನಲ್ಲಿ ಸತ್ಯ ಇದೆ. ಚಪ್ಪಟೆ ಮಾಪ್ ಮೂಲೆಯ ತನಕ ಹೋಗುತ್ತದೆ, ಆದರೆ ಮೂಲೆಯಲ್ಲಿ ಕೂತ ಕಸವನ್ನು ಎತ್ತುವುದಿಲ್ಲ. ನೂಲಿನ ಮಾಪ್‌ನಲ್ಲಿ ಕ್ಲಿಪ್ಪಿನಿಂದಾಚೆ ಉದ್ದಕ್ಕೆ ಇಳಿಬಿದ್ದ ಎಳೆಗಳನ್ನು ಮೂಲೆಗೆ ತಳ್ಳಿ ಒಂದು ಸಲ ತಿರುಗಿಸಿದರೆ ಧೂಳು ಎಳೆಗಳ ಜೊತೆ ಬರುತ್ತದೆ. ಅತ್ತೆಯವರು ತಾವೇ ಒಂದು ದಿನ ಹೊಸಿಲ ಪಕ್ಕದ ಸಂದಿಯನ್ನು ಹೀಗೆ ಒರೆಸಿ ನೋಡಿದರು. ಆಮೇಲೆ ಬಟ್ಟೆಯ ಮಾತು ಬರಲಿಲ್ಲ. ದೇವರ ಮನೆಗೆ ಮಾತ್ರ ಈಗಲೂ ಬೇರೆ ಬಟ್ಟೆ, ಅದು ಇರಲಿ.

ಈಗ ರೀಫಿಲ್ ವಿಷಯ. ನೂಲಿನ ತುದಿ ಕತ್ತರಿಸಿ ಬಿಟ್ಟಿದ್ದರೆ ಎಳೆ ಬಿಚ್ಚಿಕೊಳ್ಳುತ್ತದೆ, ನೆಲದ ಮೇಲೆಲ್ಲ ನೂಲಿನ ಚೂರು ಉದುರುತ್ತದೆ. ತುದಿ ಕುಣಿಕೆಯಂತೆ ಮಡಚಿಕೊಂಡು ಬಂದಿರುವ, ಕೆಳಗಡೆ ಇನ್ನೊಂದು ತೆಳು ಪಟ್ಟಿ ಹೊಲಿದಿರುವ ರೀಫಿಲ್ ಸ್ವಲ್ಪ ದುಬಾರಿ, ಆದರೆ ಬಾಳಿಕೆ ಜಾಸ್ತಿ. ಹೌಸ್‌ಕೀಪಿಂಗ್ ಸಾಮಾನು ಮಾರುವ ಕಡೆ ಇವನ್ನು ಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. 400 ಗ್ರಾಂನದು ಆಸ್ಪತ್ರೆ ಕಾರಿಡಾರಿಗೆ ಸರಿ. ಮನೆಗೆ ಬೇಡ. ಒಣಗಿದಾಗ 400 ಗ್ರಾಂ ಇದ್ದದ್ದು ನೀರು ಕುಡಿದರೆ ಅದರ ಹಲವು ಪಟ್ಟು ಭಾರ. ಹಿಂಡಲು ಮಣಿಕಟ್ಟು ನೋಯುತ್ತದೆ. 250 ಗ್ರಾಂ ಆಸುಪಾಸಿನದು ಸಾಕು.

ಹಿಂಡುವುದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಹತ್ತಿ ನೂಲು ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಸರಿಯಾಗಿ ಹಿಂಡದೆ ಒರೆಸಿದರೆ ಆ ನೀರೆಲ್ಲ ನೆಲದ ಮೇಲೆ. ವಿಟ್ರಿಫೈಡ್ ಟೈಲ್ ನೀರು ಹೀರುವುದು ತೀರಾ ಕಡಿಮೆ, ಶೇಕಡಾ 0.5ಕ್ಕೂ ಕಡಿಮೆ. ನೀರು ಮೇಲೆಯೇ ನಿಂತು ಆವಿಯಾಗಬೇಕು. ಬೋರ್‌ವೆಲ್‌ನ ಗಡಸು ನೀರಾದರೆ ಅದರಲ್ಲಿದ್ದ ಉಪ್ಪಿನಂಶ ಬಿಳಿ ಕಲೆಯಾಗಿ ಉಳಿದುಬಿಡುತ್ತದೆ. ‘ಎಷ್ಟು ಒರೆಸಿದ್ರೂ ಟೈಲ್ಸ್ ಮಂಕಾಗೇ ಇರತ್ತೆ’ ಅನ್ನುವವರ ಮನೆಯಲ್ಲಿ ಬಹಳ ಸಲ ಕಾರಣ ಇದೇ. ನೀರು ಕಡಿಮೆ ಮಾಡಿ ನೋಡಿ. ಬಕೆಟ್ ಮೇಲೆ ಕೂರುವ ತೂತು ತೂತಿನ ಹಿಂಡುವ ಬುಟ್ಟಿ ಇದ್ದರೆ ಕೈ ಹಾಕುವ ಕೆಲಸವೂ ಇಲ್ಲ. ನೂಲನ್ನು ಬುಟ್ಟಿಗೆ ಇಳಿಸಿ, ಕೋಲನ್ನು ಒತ್ತಿ ತಿರುಗಿಸಿದರೆ ಸಾಕು. ಆದರೆ ಒಂದೇ ದಿಕ್ಕಿಗೆ ತಿರುಗಿಸಿ. ಆ ಕಡೆ ಈ ಕಡೆ ತಿರುಚಿದರೆ ಪೆಟ್ಟು ಬೀಳುವುದು ಕ್ಲಿಪ್ಪಿನ ಪಿನ್ನಿಗೆ.

ವಾಸನೆ ಬರುತ್ತದೆ ಅನ್ನುವುದು ನೂಲಿನ ಮಾಪ್ ಬಗ್ಗೆ ಎಲ್ಲರ ದೂರು. ಕ್ಲಿಪ್ ಇದ್ದರೆ ಇದಕ್ಕೆ ಸುಲಭದ ಉಪಾಯ ಇದೆ, ಎರಡು ರೀಫಿಲ್ ಇಟ್ಟುಕೊಳ್ಳುವುದು. ಒಂದು ಬಳಕೆಯಲ್ಲಿ, ಇನ್ನೊಂದು ತಾರಸಿಯ ಬಿಸಿಲಲ್ಲಿ. ಕಚ್ಚಿಕೊಂಡ ಪಟ್ಟಿಯ ಜಾಗ ಎಂದೂ ಪೂರ್ತಿ ಒಣಗುವುದಿಲ್ಲ, ವಾಸನೆ ಹುಟ್ಟುವುದೇ ಅಲ್ಲಿ. ಕ್ಲಿಪ್ ಬಿಚ್ಚಿ ಒಣಹಾಕಿದರೆ ಆ ಜಾಗಕ್ಕೂ ಗಾಳಿ ಆಡುತ್ತದೆ. ಮಳೆಗಾಲದಲ್ಲಿ ಬಿಸಿಲಿಲ್ಲದ ವಾರಗಳಲ್ಲಿ ಸೋಪಿನ ಪುಡಿ ಹಾಕಿದ ಬಿಸಿನೀರಲ್ಲಿ ನೆನೆಸಿ, ಹಿಂಡಿ, ಫ್ಯಾನಿನ ಕೆಳಗೆ ನೇತುಹಾಕುತ್ತೇನೆ. ಬ್ಲೀಚ್ ದಿನಾ ಹಾಕಬೇಡಿ, ನೂಲು ಬೇಗ ಬಡಕಲಾಗುತ್ತದೆ. ಬಾತ್‌ರೂಮ್ ಒರೆಸುವಾಗ ಬ್ಲೀಚನ್ನೂ ಆಸಿಡ್ ಇರುವ ಟಾಯ್ಲೆಟ್ ಕ್ಲೀನರನ್ನೂ ಒಟ್ಟಿಗೆ ಬಳಸಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಉಸಿರಿಗೆ ಅಪಾಯ. ಗಾರೆ ನೆಲಕ್ಕೆ ಆಸಿಡ್ ಸೋಕಿಸುವುದೂ ಬೇಡ, ಸಿಮೆಂಟನ್ನು ತಿನ್ನುತ್ತದೆ.

ಬಾತ್‌ರೂಮಿಗೆ ಬೇರೆ ರೀಫಿಲ್ ಇಡುತ್ತೇನೆ, ಅದಕ್ಕೆ ಕೆಂಪು ಪಟ್ಟಿಯದು. ದೊಡ್ಡ ಆಸ್ಪತ್ರೆ, ಹೋಟೆಲುಗಳಲ್ಲಿ ಶೌಚಾಲಯಕ್ಕೆ ಕೆಂಪು, ಅಡುಗೆಮನೆಗೆ ಹಸಿರು, ಉಳಿದ ಕಡೆಗೆ ನೀಲಿ ಅಂತ ಬಣ್ಣ ಹಂಚಿಕೊಂಡಿರುವುದನ್ನು ನೋಡಿರುತ್ತೀರಿ. ಮನೆಯಲ್ಲೂ ಇದು ತುಂಬಾ ಉಪಯೋಗ. ಕೆಲಸಕ್ಕೆ ಬರುವ ಅಕ್ಕನಿಗೆ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ಅವರು ಮೊದಲು ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸ ಮಾಡುತ್ತಿದ್ದರಂತೆ, ‘ಕೆಂಪುದು ಬಾತ್‌ರೂಮ್‌ಗಲ್ವಾ ಅಕ್ಕಾ’ ಅಂತ ಅವರೇ ತೆಗೆದಿಟ್ಟರು.

ಇನ್ನು ಕುಂದುಗಳು. ಮುಖ್ಯವಾದದ್ದು ಆ ಪಿನ್. ನಮ್ಮ ಕ್ಲಿಪ್ಪಿನಲ್ಲಿ ಬಂದದ್ದು ಸಾದಾ ಕಬ್ಬಿಣದ ಪಿನ್. ದಿನಾ ನೀರಲ್ಲಿ ಮುಳುಗುವ ಜಾಗಕ್ಕೆ ಕಬ್ಬಿಣ ಯಾಕೆ ಹಾಕುತ್ತಾರೋ! ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದ ಪಿನ್ ಸುತ್ತಲಿನ ಪ್ಲಾಸ್ಟಿಕ್ಕನ್ನು ಒಳಗಿಂದ ಒತ್ತುತ್ತ ಬರುತ್ತದೆ, ಕೊನೆಗೆ ತೂತಿನ ಪಕ್ಕ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ. ನಮ್ಮಲ್ಲೂ ಹಾಗೇ ಆಯಿತು. ಬಿಳಿ ನೂಲಿನ ಮೇಲೆ ಕಂದು ಕಲೆ ಕಂಡಾಗ ಬಗ್ಗಿ ನೋಡಿದರೆ ಬಿರುಕು ಶುರುವಾಗಿತ್ತು. ಪಿನ್ ಬಡಿದು ತೆಗೆದು, ಹಾರ್ಡ್‌ವೇರ್ ಅಂಗಡಿಯಿಂದ ಅದೇ ಗಾತ್ರದ ಸ್ಟೀಲ್ ಬೋಲ್ಟು, ನೈಲಾನ್ ಬಳೆ ಇರುವ ನಟ್ಟು ತಂದು ಹಾಕಿದೆವು. ಸಾದಾ ನಟ್ಟು ಹಾಕಿದರೆ ತಿರುಗಿ ತಿರುಗಿ ಸಡಿಲವಾಗುತ್ತದೆ, ನೈಲಾನ್ ಬಳೆ ಇದ್ದರೆ ಬಿಗಿ ಬಿಡುವುದಿಲ್ಲ. ಖರ್ಚು ಒಂದು ಕಾಫಿಯಷ್ಟೂ ಆಗಲಿಲ್ಲ. ಅವತ್ತಿನಿಂದ ಕ್ಲಿಪ್ ಬಗ್ಗೆ ತಲೆನೋವಿಲ್ಲ.

ಎರಡನೆಯದು ಕೋಲು ಕೊಳವೆಗೆ ಸೇರುವ ಜಾಗ. ತೆಳು ಕೊಳಾಯಿಯಂಥ ಕೋಲಿಗೆ ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ. ಆ ಪದರ ಹರಿದರೆ ಒಳಗೆ ನೀರು ಇಳಿದು ತುದಿ ತುಕ್ಕು ಹಿಡಿಯುತ್ತದೆ. ಒರೆಸಿದ ಮೇಲೆ ಮಾಪನ್ನು ಬಕೆಟ್ಟಿನಲ್ಲೇ ನೆನೆಯಲು ಬಿಡದೆ, ನೂಲು ಕೆಳಗೆ ಮಾಡಿ ಮೊಳೆಗೆ ನೇತುಹಾಕಿ. ಸಾಧ್ಯವಾದರೆ ಅಲ್ಯೂಮಿನಿಯಂ ಕೋಲೇ ಕೇಳಿ.

ಯಾರಿಗೆ ಇದು ಬೇಡ? ಮಂಚ, ಸೋಫಾ ನೆಲಕ್ಕೆ ತೀರಾ ತಗ್ಗಾಗಿರುವ ಮನೆಗೆ ಬೇಡ, ಕ್ಲಿಪ್ಪಿನ ಎತ್ತರ ಅಡ್ಡ ಬರುತ್ತದೆ. ಮರದ ನೆಲ, ಲ್ಯಾಮಿನೇಟ್ ಇದ್ದರೂ ಬೇಡ, ಅದಕ್ಕೆ ಅಷ್ಟು ನೀರು ಒಳ್ಳೆಯದಲ್ಲ. ಗಾರೆ, ಮೊಸಾಯಿಕ್, ಕಡಪಾ ಕಲ್ಲು, ಟೈಲ್ಸ್ ಎಲ್ಲ ಸೇರಿರುವ ನಮ್ಮಂಥ ಮನೆಗಳಿಗೆ ಕಣ್ಣುಮುಚ್ಚಿ ತರಬಹುದು.

ಎಲ್ಲಿ ತರುವುದು ಅನ್ನುವುದೂ ಮುಖ್ಯ. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಸೆಟ್ಟಿನಲ್ಲಿ ರೀಫಿಲ್ ಬಿಡಿಯಾಗಿ ಸಿಗುತ್ತದೆ, ಕ್ಲಿಪ್ ಸಿಗುವುದಿಲ್ಲ. ಕ್ಲಿಪ್ ಮುರಿದರೆ ಕೋಲನ್ನೂ ಎಸೆಯಬೇಕು. ಆಸ್ಪತ್ರೆ, ಹೋಟೆಲು, ಕಲ್ಯಾಣ ಮಂಟಪಗಳಿಗೆ ಹೌಸ್‌ಕೀಪಿಂಗ್ ಸಾಮಾನು ಕೊಡುವ ಅಂಗಡಿಗಳಲ್ಲಿ ಕೋಲು, ಕ್ಲಿಪ್, ನೂಲು ಮೂರನ್ನೂ ಬೇರೆ ಬೇರೆಯಾಗಿ ಮಾರುತ್ತಾರೆ, ಒಂದೊಂದೇ ಕೇಳಿದರೂ ಕೊಡುತ್ತಾರೆ. ಅಲ್ಲಿಗೆ ಹೋದಾಗ ಕ್ಲಿಪ್ಪನ್ನು ಕೈಯಲ್ಲಿ ಹಿಡಿದು ಹತ್ತು ಸಲ ತೆರೆದು ಮುಚ್ಚಿ ನೋಡಿ. ಕೊಂಡಿ ಪ್ರತಿ ಸಲವೂ ಬಿಗಿಯಾಗಿ ಕೂರಬೇಕು. ಪಿನ್ ಸ್ಟೀಲಿನದಾ ಅಂತ ಕೇಳಿ. ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇದ್ದು ಅದು ಪಿನ್ನಿಗೆ ಗಟ್ಟಿಯಾಗಿ ಅಂಟಿದರೆ, ಬಹುಮಟ್ಟಿಗೆ ಅದು ತುಕ್ಕು ಹಿಡಿಯುವ ಸಾದಾ ಕಬ್ಬಿಣವೇ. ಬೇರೆ ಕ್ಲಿಪ್ ತೋರಿಸಿ ಅನ್ನಿ.