ಥೀಮ್ ಪಾರ್ಕಿನ ಐಷಾರಾಮಿ ಹೋಟೆಲಿಗೆ ಮುಂಗಡ ಕಟ್ಟುವ ಮುನ್ನ

ಮಕ್ಕಳ ರಜೆಗೆ ಥೀಮ್ ಪಾರ್ಕಿಗೆ ಹೋಗುವುದು ನಮ್ಮ ವಿಜಯಪುರದ ಮನೆಗಳಲ್ಲೂ ಈಗ ರೂಢಿಯಾಗಿದೆ. ಪಾರ್ಕಿನ ಆವರಣದಲ್ಲಿಯೇ ಇರುವ ಐಷಾರಾಮಿ ಹೋಟೆಲಿನಲ್ಲಿ ಒಂದು ರಾತ್ರಿ ತಂಗುವ ಪ್ಯಾಕೇಜುಗಳ ಜಾಹೀರಾತು ರಜೆ ಹತ್ತಿರವಾದಂತೆ ಎಲ್ಲರ ಮೊಬೈಲಿಗೂ ಬರತೊಡಗುತ್ತದೆ. ಅಂಥ ಪ್ಯಾಕೇಜಿಗೆ ಹಣ ಕಟ್ಟುವ ಯೋಚನೆಯಲ್ಲಿರುವವರು ಮೊದಲು ಈ ಬರಹವನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಹೊರರಾಜ್ಯದ ಒಂದು ಪಾರ್ಕಿನ ಹೋಟೆಲಿನಲ್ಲಿ ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಕುಟುಂಬಕ್ಕಾದ ಅನುಭವವನ್ನು ಇಲ್ಲಿ ಬರೆದಿದ್ದೇನೆ. ಹೋಟೆಲಿನ ಹೆಸರನ್ನು ಬರೆದಿಲ್ಲ, ಏಕೆಂದರೆ ನಮ್ಮ ದೂರು ಇನ್ನೂ ಇತ್ಯರ್ಥವಾಗಿಲ್ಲ. ಮೇಲಾಗಿ ನಾನು ಹೇಳಬೇಕಾಗಿರುವುದು ಒಂದು ಹೋಟೆಲಿನ ಕುರಿತಲ್ಲ, ಇಂಥ ಪ್ಯಾಕೇಜುಗಳನ್ನು ಕಟ್ಟುವ ರೀತಿಯ ಕುರಿತು.

ತಿಕೋಟಾ ಹತ್ತಿರ ನಮ್ಮ ಅಣ್ಣನ ದ್ರಾಕ್ಷಿ ತೋಟವಿದೆ. ಒಣದ್ರಾಕ್ಷಿ ಮಾರಾಟವಾಗಿ ಕೈಗೆ ಹಣ ಬರುವವರೆಗೆ ಅವನಿಗೆ ಊರು ಬಿಡುವ ಅವಕಾಶವೇ ಇರುವುದಿಲ್ಲ. ಈ ಸಲ ಅವ್ವನನ್ನೂ ಕರೆದುಕೊಂಡು ಎಲ್ಲರೂ ಕೂಡಿ ಹೋಗಬೇಕೆಂಬ ಆಸೆ ಅವನದೇ. ಅವ್ವ, ಅಣ್ಣ, ವೈನಿ, ನಾನು, ನನ್ನ ಹೆಂಡತಿ, ಮೂವರು ಮಕ್ಕಳು ಬಾಡಿಗೆ ಕ್ರೂಸರಿನಲ್ಲಿ ಹೊರಟೆವು. ಅವ್ವನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವಿದೆ. ಪಾರ್ಕಿಗೆ ತಾಗಿಕೊಂಡೇ ಕೋಣೆಯಿದ್ದರೆ ಬಿಸಿಲೇರಿದಾಗ ಅವಳು ಹೋಗಿ ಮಲಗಬಹುದು, ಮಕ್ಕಳು ದಣಿದರೆ ಬಂದು ಸ್ನಾನ ಮಾಡಿ ಮತ್ತೆ ಹೋಗಬಹುದು ಎಂಬ ಕಾರಣಕ್ಕಾಗಿಯೇ ಪೇಟೆಯ ಲಾಡ್ಜನ್ನು ಬಿಟ್ಟು ಐದು ಪಟ್ಟು ಬೆಲೆಯ ಕೋಣೆಯನ್ನು ಆರಿಸಿದೆವು. ಹೋಟೆಲಿನವರ ಜಾಹೀರಾತಿನಲ್ಲಿ ಇದ್ದ ಭರವಸೆಯೂ ಅದೇ ಆಗಿತ್ತು: ಪಾರ್ಕಿನ ಬಾಗಿಲಿಗೆ ಹತ್ತಿರ, ಪ್ರವೇಶ ಟಿಕೆಟ್ ಒಳಗೊಂಡ ದರ, ಉಳಿದವರಿಗಿಂತ ಮುಂಚಿತ ಪ್ರವೇಶ.

ನಾವು ಬೆಳಗಿನ ಹನ್ನೊಂದರ ಹೊತ್ತಿಗೆ ತಲುಪಿದೆವು. ಪಾರ್ಕ್ ಆಗಷ್ಟೇ ತೆರೆದಿತ್ತು. ಕೋಣೆ ಸಿಗುವುದು ಮಧ್ಯಾಹ್ನ ಮೂರಕ್ಕೆ ಎಂಬುದು ನಮಗೆ ತಿಳಿದಿತ್ತು. ಸಾಮಾನು ಇಟ್ಟು ನೇರವಾಗಿ ಪಾರ್ಕಿಗೆ ಹೋಗುವುದು ನಮ್ಮ ಯೋಜನೆಯಾಗಿತ್ತು. ಆದರೆ ಪ್ಯಾಕೇಜಿನಲ್ಲಿ ಸೇರಿದ ಟಿಕೆಟನ್ನು ಕೋಣೆಯ ಕೀಲಿಯ ಜೊತೆಗೇ ಕೊಡುವುದು, ಅದಕ್ಕೂ ಮೊದಲು ಕೊಡಲು ಬರುವುದಿಲ್ಲ ಎಂದು ಕೌಂಟರಿನಲ್ಲಿ ಹೇಳಿದರು. ಮೂರು ಗಂಟೆಗೆ ಟಿಕೆಟ್ ತೆಗೆದುಕೊಂಡರೆ ಪಾರ್ಕ್ ಮುಚ್ಚುವ ಆರೂವರೆಗೆ ಉಳಿಯುವುದು ಮೂರೂವರೆ ತಾಸು. ಟಿಕೆಟ್ ಒಂದು ದಿನಕ್ಕೆ ಮಾತ್ರ. ಅಂದು ಒಳಗೆ ಹೋದರೆ ಮರುದಿನ ನಡೆಯುವುದಿಲ್ಲ. ಹಾಗಾದರೆ ಮರುದಿನವೇ ಬಳಸಿಕೊಳ್ಳುತ್ತೇವೆ ಎಂದರೆ, ಮರುದಿನ ಹನ್ನೊಂದಕ್ಕೆ ಕೋಣೆ ಬಿಡಬೇಕು, ಪಾರ್ಕ್ ತೆರೆಯುವುದೂ ಹನ್ನೊಂದಕ್ಕೆ.

ಇಡೀ ಬರಹದಲ್ಲಿ ಓದುಗರು ಗಮನಿಸಬೇಕಾದ ಸಂಗತಿ ಇದು. ಮೂರಕ್ಕೆ ಕೋಣೆ ಕೊಟ್ಟು ಮರುದಿನ ಹನ್ನೊಂದಕ್ಕೆ ಬಿಡಿಸಿಕೊಳ್ಳುವ ಹೋಟೆಲಿನಲ್ಲಿ, ಹನ್ನೊಂದರಿಂದ ಸಂಜೆ ಆರೂವರೆಯವರೆಗೆ ತೆರೆದಿರುವ ಪಾರ್ಕನ್ನು ನೋಡಲು ಒಂದು ರಾತ್ರಿ ತಂಗುವವರಿಗೆ, ಕೋಣೆಯೂ ಪಾರ್ಕೂ ಒಟ್ಟಿಗೆ ದೊರೆಯುವ ಅವಧಿ ಮೊದಲ ದಿನದ ಮಧ್ಯಾಹ್ನದ ಆ ಮೂರೂವರೆ ತಾಸು ಮಾತ್ರ. ಪಾರ್ಕಿನ ಪಕ್ಕದಲ್ಲಿದ್ದೇವೆ ಎಂಬುದಕ್ಕಾಗಿ ನಾವು ತೆರುವ ಹೆಚ್ಚಿನ ಹಣವೆಲ್ಲ ಆ ಮೂರೂವರೆ ತಾಸಿನ ಬೆಲೆ. ಉಳಿದ ಹೊತ್ತಿನಲ್ಲಿ ಪಾರ್ಕ್ ಮುಚ್ಚಿರುತ್ತದೆ. ಮುಚ್ಚಿದ ಪಾರ್ಕಿನ ಪಕ್ಕದಲ್ಲಿ ಮಲಗುವುದಕ್ಕೂ ಎಂಟು ಕಿಲೋಮೀಟರ್ ಆಚೆಗಿನ ಪೇಟೆಯಲ್ಲಿ ಮಲಗುವುದಕ್ಕೂ ವ್ಯತ್ಯಾಸವಿಲ್ಲ. ನಮಗೆ ಆ ಮೂರೂವರೆ ತಾಸೂ ಸಿಗಲಿಲ್ಲ, ಏಕೆಂದರೆ ಟಿಕೆಟನ್ನು ಮರುದಿನಕ್ಕೆ ಉಳಿಸಿಕೊಳ್ಳುವುದು ಅನಿವಾರ್ಯವಾಯಿತು. ಮೊದಲ ದಿನ ಹೋಟೆಲಿನ ಪಡಸಾಲೆಯಲ್ಲಿ ನಾಲ್ಕು ತಾಸು ಕುಳಿತೆವು.

ಮರುದಿನ ಬೆಳಿಗ್ಗೆ ಮುಂಚಿತ ಪ್ರವೇಶದ ಬಗ್ಗೆ ಕೇಳಿದಾಗ ಅದು ಶನಿವಾರ ಮತ್ತು ಭಾನುವಾರಗಳಿಗೆ ಮಾತ್ರ ಎಂಬ ಉತ್ತರ ಬಂತು. ನಾವು ಹೋದದ್ದು ವಾರದ ನಡುವೆ. ಹಣ ಕಟ್ಟುವ ಪುಟದಲ್ಲಾಗಲಿ, ಬುಕಿಂಗ್ ಖಚಿತವಾದ ಮೇಲೆ ಬಂದ ಇಮೇಲಿನಲ್ಲಾಗಲಿ ಈ ಷರತ್ತು ಇರಲಿಲ್ಲ. ಎರಡರ ಪ್ರತಿಗಳೂ ನನ್ನ ಬಳಿ ಇವೆ. ಸಾಮಾನನ್ನೆಲ್ಲ ಕ್ರೂಸರಿಗೆ ಹೇರಿ, ಅರ್ಧ ತಾಸಿಗೊಮ್ಮೆ ಬರುವ ಹೋಟೆಲಿನ ಬಸ್ಸಿಗಾಗಿ ಕಾದು, ಉಳಿದ ಜನರ ಸಾಲಿನಲ್ಲಿಯೇ ನಿಂತು ಒಳಗೆ ಹೋದೆವು. ಗೇಟಿನಲ್ಲಿ ಚೀಲ ತಪಾಸಣೆ ಮಾಡಿ ಅವ್ವನ ಖಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಹೊರಗಿಡಿಸಿದರು. ಮಾತ್ರೆಯ ಜೊತೆ ತಿನ್ನಬೇಕಾದದ್ದು ಎಂದು ಹೇಳಿದರೂ ಬಿಡಲಿಲ್ಲ. ಎರಡು ಗಂಟೆಯ ಹೊತ್ತಿಗೆ ಅವ್ವ ಬಿಸಿಲಿಗೆ ಸೋತು ನೆರಳಿನಲ್ಲಿ ಕುಳಿತು, ‘ಸ್ವಲ್ಪ ಮೈ ಚಾಚಾಕ ಒಂದ್ ಖೋಲಿ ಸಿಗ್ತೈತೇನ ನೋಡಪಾ’ ಎಂದು ಕೇಳಿದಳು. ಹೋಟೆಲಿಗೆ ಫೋನ್ ಮಾಡಿದೆ. ಸಂಜೆಯವರೆಗೆ ಒಂದು ಕೋಣೆ ಬೇಕಾದರೆ ಅರ್ಧ ದಿನದ ಬಾಡಿಗೆ ಕೊಡಬೇಕು ಎಂದರು. ಹಿಂದಿನ ರಾತ್ರಿ ನಾವು ತೆತ್ತ ಹಣದ ಉದ್ದೇಶವೇ ಇದಾಗಿತ್ತು ಎಂದು ವಿವರಿಸಿದೆ, ನಿಯಮ ಎಂದರು. ವಯಸ್ಸಾದ ತಾಯಿಯನ್ನು ಕಲ್ಲಿನ ಕಟ್ಟೆಯ ಮೇಲೆ ಮಲಗಿಸಿಕೊಂಡು ಅಣ್ಣ ಸಂಜೆಯವರೆಗೆ ಅಲ್ಲಿಯೇ ಕುಳಿತ. ಅವನು ಪಾರ್ಕ್ ನೋಡಲೇ ಇಲ್ಲ.

ಹಣದ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಕೊಡುತ್ತೇನೆ. ಕೋಣೆಯ ದರವೆಂದು ಮೊದಲ ಪುಟದಲ್ಲಿ ದೊಡ್ಡದಾಗಿ ಕಂಡದ್ದು ₹14,500. ದಿನಕ್ಕೆ ₹7,500ಕ್ಕಿಂತ ಹೆಚ್ಚಿನ ಬಾಡಿಗೆಯ ಕೋಣೆಗೆ ಶೇ 18 ಜಿಎಸ್‌ಟಿ ಇರುವುದರಿಂದ ಅದು ₹17,110 ಆಯಿತು. ಎರಡು ಕೋಣೆಗೆ ₹34,220. ಒಂದು ಹೆಚ್ಚುವರಿ ಹಾಸಿಗೆಗೆ ತೆರಿಗೆ ಸೇರಿ ₹2,950. ಬೆಳಗಿನ ಉಪಾಹಾರ ಮಾತ್ರ ದರದಲ್ಲಿ ಸೇರಿತ್ತು. ಸುತ್ತಮುತ್ತ ಬೇರೆ ಖಾನಾವಳಿ ಇಲ್ಲದ ಕಾರಣ ರಾತ್ರಿ ಅಲ್ಲಿಯೇ ಉಣ್ಣಬೇಕಾಯಿತು: ದೊಡ್ಡವರಿಗೆ ತಲಾ ₹1,400, ಮಕ್ಕಳಿಗೆ ತಲಾ ₹700, ಒಟ್ಟು ₹9,100. ಅದರ ಮೇಲೆ ಶೇ 10 ಸೇವಾ ಶುಲ್ಕ, ಅವೆರಡರ ಮೇಲೆ ಮತ್ತೆ ಶೇ 18 ತೆರಿಗೆ. ಅರ್ಧ ಚಪಾತಿ, ಒಂದು ಬಟ್ಟಲು ಮೊಸರು ತಿಂದ ಅವ್ವನಿಗೂ ಪೂರ್ತಿ ದರ. ಊಟದ ಬಿಲ್ಲು ₹11,812ಕ್ಕೆ ಮುಟ್ಟಿತು. ಒಂದು ರಾತ್ರಿಯ ವಸತಿಗೂ ಊಟಕ್ಕೂ ಕೂಡಿ ಸುಮಾರು ₹49,000 ಆಯಿತು. ನಮ್ಮ ಡ್ರೈವರ್ ಮಲಗಲು ಹೋಟೆಲಿನಲ್ಲಿ ಜಾಗವೇ ಇರಲಿಲ್ಲ. ಅವರು ಸೆಕೆಯಲ್ಲಿ ಗಾಡಿಯಲ್ಲೇ ರಾತ್ರಿ ಕಳೆದರು. ಮರುದಿನ ಐನೂರು ಕಿಲೋಮೀಟರಿಗಿಂತ ಹೆಚ್ಚು ಗಾಡಿ ಓಡಿಸಬೇಕಾದ ಮನುಷ್ಯನನ್ನು ಹಾಗೆ ಮಲಗಿಸುವುದು ಎಲ್ಲರ ಜೀವಕ್ಕೂ ಅಪಾಯ ಎಂಬ ಕಾರಣಕ್ಕೆ ಎರಡನೆಯ ರಾತ್ರಿ ಪೇಟೆಯ ಲಾಡ್ಜಿನಲ್ಲಿ ಉಳಿದೆವು. ಅಲ್ಲಿ ಎ.ಸಿ. ಕೋಣೆಗೆ ₹2,800, ₹7,500ರ ಒಳಗಿನ ಕೋಣೆಗಳಿಗೆ ಈಗಿರುವ ಶೇ 5 ತೆರಿಗೆಯ ಲೆಕ್ಕದಲ್ಲಿ ₹2,940. ಸ್ವಚ್ಛ ಹಾಸಿಗೆ, ಬಿಸಿನೀರು, ಡ್ರೈವರಿಗೆ ಪ್ರತ್ಯೇಕ ಮಂಚ ಎಲ್ಲವೂ ಇದ್ದವು.

ತೆರಿಗೆಯ ವಿಷಯದಲ್ಲಿ ಇನ್ನೊಂದು ಮಾತು. ಸಾಮಾನ್ಯ ಹೋಟೆಲಿನ ಊಟಕ್ಕೆ ಶೇ 5 ಜಿಎಸ್‌ಟಿ ಇದ್ದರೆ, ₹7,500ಕ್ಕಿಂತ ಹೆಚ್ಚಿನ ಬಾಡಿಗೆ ಪಡೆಯುವ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಅದು ಶೇ 18. ದುಬಾರಿ ಕೋಣೆ ಹಿಡಿದವರು ಅಲ್ಲಿಯೇ ಕುಳಿತು ತಿನ್ನುವ ಇಡ್ಲಿಗೂ ಹೆಚ್ಚಿನ ತೆರಿಗೆ ತೆರುತ್ತಾರೆ ಎಂಬುದನ್ನು ಮುಂಗಡ ಕಟ್ಟುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ಪಾರ್ಕಿನ ಹೋಟೆಲುಗಳೆಲ್ಲವೂ ವ್ಯರ್ಥವೇ ಎಂದು ಕೇಳಿದರೆ, ಅಲ್ಲ. ಅಮೆರಿಕದಲ್ಲಿರುವ ಅಕ್ಕನ ಮಗನೊಂದಿಗೆ ಈ ವಿಷಯ ಮಾತಾಡಿದ ಮೇಲೆ ಅಲ್ಲಿನ ಪದ್ಧತಿಯನ್ನು ಓದಿ ತಿಳಿದುಕೊಂಡೆ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡಿನ ಹೋಟೆಲುಗಳಲ್ಲಿ ತಂಗುವವರಿಗೆ ಪ್ರತಿದಿನವೂ ಉಳಿದವರಿಗಿಂತ 30 ನಿಮಿಷ ಮುಂಚೆ ಪ್ರವೇಶವಿದೆ. ಈ ಸೌಲಭ್ಯ ಅಲ್ಲಿನ ಅಗ್ಗದ ಹೋಟೆಲಿನವರಿಗೂ, 1988ರಲ್ಲಿ ತೆರೆದ ಗ್ರ್ಯಾಂಡ್ ಫ್ಲೋರಿಡಿಯನ್‌ನಂಥ ದುಬಾರಿ ಹೋಟೆಲಿನವರಿಗೂ ಒಂದೇ. ದುಬಾರಿ ಹೋಟೆಲಿನವರಿಗೆ ಹೆಚ್ಚಾಗಿ ಸಿಗುವುದು ಆಯ್ದ ಕೆಲವು ರಾತ್ರಿ ಪಾರ್ಕ್ ಮುಚ್ಚಿದ ಮೇಲೂ ಒಳಗಿರುವ ಅವಕಾಶ. ಅದೇ ರಾಜ್ಯದ ಆರ್ಲ್ಯಾಂಡೊ ನಗರದಲ್ಲಿ ಹಲವು ಥೀಮ್ ಪಾರ್ಕುಗಳಿರುವ ಯೂನಿವರ್ಸಲ್‌ನಲ್ಲಿ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಎಂಬ ಮೂರು ಹೋಟೆಲುಗಳ ಬಾಡಿಗೆಯಲ್ಲಿ ಎರಡು ಹಳೆಯ ಪಾರ್ಕುಗಳಲ್ಲಿ ಉದ್ದನೆಯ ಸಾಲನ್ನು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಸೇರಿರುತ್ತದೆ. ಆ ಪಾಸನ್ನು ಪ್ರತ್ಯೇಕವಾಗಿ ಕೊಂಡರೆ ಬೀಳುವ ಹಣದ ಎದುರು ಕೋಣೆಯ ಬಾಡಿಗೆಯನ್ನು ತೂಗಿದಾಗ, ದೊಡ್ಡ ಕುಟುಂಬಕ್ಕೆ ದುಬಾರಿ ಕೋಣೆಯೇ ಲಾಭದಾಯಕವಾಗುವ ದಿನಗಳಿವೆ. ಆದರೆ 2025ರ ಮೇ ತಿಂಗಳಿನಲ್ಲಿ ತೆರೆದ ಎಪಿಕ್ ಯೂನಿವರ್ಸ್ ಪಾರ್ಕಿಗೆ ಆ ಉಚಿತ ಪಾಸ್ ನಡೆಯುವುದಿಲ್ಲ; ಆ ಪಾರ್ಕಿಗೆ ಅಂಟಿಕೊಂಡೇ ಇರುವ ಹೀಲಿಯೋಸ್ ಗ್ರ್ಯಾಂಡ್ ಹೋಟೆಲಿನವರಿಗೆ ಪಾರ್ಕಿನೊಳಗೆ ನೇರ ಬಾಗಿಲು ಇದೆಯೇ ಹೊರತು ಬಾಡಿಗೆಯಲ್ಲಿ ಎಕ್ಸ್‌ಪ್ರೆಸ್ ಪಾಸ್ ಸೇರಿಲ್ಲ. ಒಂದೇ ಕಂಪನಿಯ ಹೋಟೆಲುಗಳಲ್ಲೇ ಇಷ್ಟು ಅಂತರವಿರುವಾಗ, ಐಷಾರಾಮಿ ಎಂಬ ಹೆಸರನ್ನು ನಂಬಿ ಹಣ ಕಟ್ಟುವುದು ಹೇಗೆ? ಕೋಣೆಯ ಅಂದಚಂದ, ಈಜುಕೊಳ, ಸಿಂಗಾರದ ದೀಪಗಳು ನಮಗೆ ಪಾರ್ಕಿನಲ್ಲಿ ಒಂದು ನಿಮಿಷವನ್ನೂ ಉಳಿಸಿಕೊಡುವುದಿಲ್ಲ. ಪಾರ್ಕಿನ ಹೋಟೆಲಿನ ದರಕ್ಕೆ ಅರ್ಥ ಬರುವುದು ಅದು ಸಮಯವನ್ನು ಉಳಿಸಿಕೊಟ್ಟಾಗ ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೀಗಾಗಿ ಫೋನಿನಲ್ಲಿ ಕೇಳಿ ಸುಮ್ಮನಾಗದೆ, ಇಮೇಲಿನಲ್ಲಿ ಬರೆದು ಕೇಳಿ ಉತ್ತರ ಪಡೆಯಿರಿ. ನೀವು ತಂಗುವ ದಿನಾಂಕದಂದು ಮುಂಚಿತ ಪ್ರವೇಶ ಇದೆಯೇ, ಟಿಕೆಟ್ ಎಷ್ಟು ಗಂಟೆಗೆ ಕೈಗೆ ಬರುತ್ತದೆ, ಬಂದ ದಿನ ಮತ್ತು ಹೊರಡುವ ದಿನ ಎರಡಕ್ಕೂ ನಡೆಯುತ್ತದೆಯೇ, ಮಕ್ಕಳ ಟಿಕೆಟ್ ವಯಸ್ಸಿನ ಮೇಲೋ ಎತ್ತರದ ಮೇಲೋ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ನಮ್ಮ ಅಣ್ಣನ ಹಿರಿಯ ಮಗನಿಗೆ ಹನ್ನೊಂದು ವರ್ಷವಾದರೂ ಎತ್ತರ ಹೆಚ್ಚಿದೆ ಎಂದು ಗೇಟಿನಲ್ಲಿ ದೊಡ್ಡವರ ಟಿಕೆಟಿನ ವ್ಯತ್ಯಾಸ ಕಟ್ಟಿಸಿಕೊಂಡರು. ಹಿರಿಯರಿದ್ದರೆ, ಪಾರ್ಕಿಗೆ ಹೋಗುವ ದಿನದ ಮಧ್ಯಾಹ್ನ ಕೋಣೆ ನಿಮ್ಮ ಕೈಯಲ್ಲಿ ಇರುತ್ತದೆಯೇ ಎಂಬುದನ್ನೇ ಮೊದಲು ನೋಡಿ. ಎರಡು ರಾತ್ರಿ ಉಳಿದು ನಡುವಿನ ದಿನ ಪಾರ್ಕ್ ನೋಡುವುದಾದರೆ ಮಾತ್ರ ಅದು ಸಾಧ್ಯ; ಅಷ್ಟು ಹಣವಿಲ್ಲದಿದ್ದರೆ ಪೇಟೆಯ ಲಾಡ್ಜ್ ಹಿಡಿದು, ಮಧ್ಯಾಹ್ನ ಹಿರಿಯರನ್ನು ಗಾಡಿಯಲ್ಲಿ ಕಳಿಸಿಕೊಡುವುದೇ ಮೇಲು.

ನಾವು ಬುಕಿಂಗ್ ಮಾಡುವಾಗ ‘ಇನ್ನೊಂದೇ ಕೋಣೆ ಉಳಿದಿದೆ’ ಎಂಬ ಕೆಂಪು ಅಕ್ಷರಗಳೂ, ಇಳಿಯುತ್ತ ಹೋಗುವ ಗಡಿಯಾರವೂ ಪರದೆಯ ಮೇಲಿದ್ದವು. ಹೋಗಿ ನೋಡಿದರೆ ನಮ್ಮ ಮಹಡಿಯ ಕೋಣೆಗಳಲ್ಲಿ ಬಹುಪಾಲು ಖಾಲಿಯಾಗಿದ್ದವು. ಇಂಥ ಸುಳ್ಳು ಅವಸರವನ್ನೂ, ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯ ಹಂತದಲ್ಲಿ ಶುಲ್ಕಗಳನ್ನು ಒಂದೊಂದಾಗಿ ಸೇರಿಸುವುದನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ 30ರ ಮಾರ್ಗಸೂಚಿ ನಿಷೇಧಿಸಿದೆ. ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸಬಾರದೆಂದು ಅದೇ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತ್ತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಇದನ್ನು ಉಲ್ಲೇಖಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಸೇವಾ ಶುಲ್ಕದ ಹಣ ಮರಳಿ ಬಂತು. ಮುಂಚಿತ ಪ್ರವೇಶ ಮತ್ತು ಟಿಕೆಟಿನ ವಿಷಯಕ್ಕೆ ಮಾತ್ರ, ಮುಂದಿನ ಸಲ ತಂಗಲು ರಿಯಾಯಿತಿ ಕೂಪನ್ ಕೊಡುವುದಾಗಿ ಹೋಟೆಲಿನವರು ಬರೆದರು. ಅದನ್ನು ನಾವು ಒಪ್ಪಲಿಲ್ಲ.

ದೂರದ ಊರಿನ ಹೋಟೆಲಿನ ಮೇಲೆ ಮೊಕದ್ದಮೆ ಹೂಡಲು ಅಲ್ಲಿಗೇ ಅಲೆಯಬೇಕಾಗುತ್ತದೆ ಎಂದು ನಮ್ಮಲ್ಲಿ ಅನೇಕರು ಕೈಬಿಡುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಸೇವೆಗೆ ತೆತ್ತ ಹಣ ₹5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ನಾವೂ ವಿಜಯಪುರದ ಜಿಲ್ಲಾ ಆಯೋಗಕ್ಕೆ ಕಾಗದಪತ್ರ ಸಿದ್ಧಪಡಿಸುತ್ತಿದ್ದೇವೆ. ಜಾಹೀರಾತಿನ ಚಿತ್ರ, ಹಣ ಕಟ್ಟಿದ ಪುಟದ ಸ್ಕ್ರೀನ್‌ಶಾಟ್, ಇಮೇಲ್, ಎಲ್ಲ ಬಿಲ್ಲುಗಳು, ಗೇಟಿನಲ್ಲಿ ಹೆಚ್ಚುವರಿಯಾಗಿ ಕಟ್ಟಿಸಿಕೊಂಡ ರಸೀದಿ, ಇವಿಷ್ಟನ್ನು ನಮ್ಮ ವಕೀಲರು ಕೇಳಿದ್ದಾರೆ.

ಮುಂಬರುವ ದಸರಾ ರಜೆಗೆ ಈಗಾಗಲೇ ಇಂಥ ಪ್ಯಾಕೇಜಿಗೆ ಮುಂಗಡ ಕಟ್ಟಿದವರು, ಪೂರ್ತಿ ಹಣ ಮರಳಿ ಸಿಗುವಂತೆ ರದ್ದು ಮಾಡಲು ಕೊನೆಯ ದಿನಾಂಕ ಯಾವುದೆಂದು ಇಂದೇ ತೆಗೆದು ನೋಡಿ, ಅದಕ್ಕೂ ಮೊದಲು ಮೇಲಿನ ಪ್ರಶ್ನೆಗಳನ್ನು ಹೋಟೆಲಿಗೆ ಬರೆದು ಕಳಿಸಿ. ಆ ದಿನಾಂಕದೊಳಗೆ ಸ್ಪಷ್ಟವಾದ ಲಿಖಿತ ಉತ್ತರ ಬರದಿದ್ದರೆ ರದ್ದು ಮಾಡಿಬಿಡಿ.